ಪಾಗಾರದ ಆಚೆಗೊಂದು ದಾರಿ

“ಮಾಷ್ಟ್ರೇ, ನಿಮ್ಮ ಮಗ ಬೆಂಗಳೂರಿನಿಂದ ತಂದಿಟ್ಟ ಆ ಹಳೇ ಸರ್ವರ್ ಉಂಟಲ್ಲ, ಅದನ್ನು ಗುಜರಿಗೆ ಹಾಕಬೇಡಿ. ಅದಕ್ಕೆ ನಿಮ್ಮಲ್ಲೇ ಕೆಲಸ ಉಂಟು” ಅಂದೆ ಪಾಗಾರದ ಈಚೆಯಿಂದ.

ಮಾಷ್ಟ್ರದ್ದೂ ಅವರ ತಮ್ಮನದ್ದೂ ಪಾಲಾದ ತೋಟ. ಸಿದ್ದಕಟ್ಟೆಯಿಂದ ವೇಣೂರಿನ ತನಕ ನಮ್ಮ ಕಡೆ ಇದು ಮಾಮೂಲು: ತೋಟ ಪಾಲಾಗ್ತದೆ, ಕೆರೆಯೂ ಹೋಗಿಬರುವ ದಾರಿಯೂ ಜಂಟಿಯಾಗಿ ಉಳಿಯುತ್ತವೆ. ಇಂಟರ್ನೆಟ್ಟು ಮಾತ್ರ ಪೂರ್ತಿ ಪಾಲಾಗಿದೆ. ಎರಡು ಮನೆಗೆ ಎರಡು ಫೈಬರ್ ಲೈನು. ಪ್ರಿಂಟರ್ ಅಣ್ಣನ ಮನೆಯಲ್ಲಿ; ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ನೋಡಿಕೊಳ್ಳುವ ಕ್ಯಾಮೆರಾ ತಮ್ಮನ ಮನೆಯಲ್ಲಿ. ಒಂದು ಆರ್‌ಟಿಸಿ ಪ್ರಿಂಟ್ ತೆಗೆಯಬೇಕಾದರೂ ತಮ್ಮನ ಮಗಳು ಪೆನ್‌ಡ್ರೈವ್ ಹಿಡಿದು ಮಳೆಯಲ್ಲಿ ಅಂಗಳ ದಾಟಿ ಬರಬೇಕು.

“ಎರಡನ್ನೂ ಒಂದೇ ವಯರಿನಲ್ಲಿ ಸೇರಿಸಿದರೆ ಮುಗೀತಲ್ಲ?” ಅಂದರು.

ಮುಗಿಯುವುದಿಲ್ಲ. ಹಾಗೆ ಸೇರಿಸಿದರೆ ಎರಡೂ ಮನೆಯ ಫೈಬರ್ ಡಬ್ಬಿಗಳು ಒಟ್ಟಿಗೇ ವಿಳಾಸ ಹಂಚಲು ಹೊರಡ್ತವೆ. ಯಾರ ಫೋನು ಯಾರ ಲೈನಿನಲ್ಲಿ ಓಡ್ತದೆಂದು ಯಾರಿಗೂ ತಿಳಿಯುವುದಿಲ್ಲ. ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡು ಹಾಕಿ, ಒಂದನ್ನು ಆ ಮನೆಗೆ, ಒಂದನ್ನು ಈ ಮನೆಗೆ ಕೊಟ್ಟು, ಲಿನಕ್ಸ್ ಹಾಕಿದರೆ ಅದು ಬಿ.ಸಿ. ರೋಡಿನ ಕೆಲಸ ಮಾಡ್ತದೆ. ಮಂಗಳೂರಿನಿಂದ ಬಂದ ಬಸ್ಸುಗಳು ಅಲ್ಲಿಂದ ಬೆಳ್ತಂಗಡಿಗೊಂದು, ಉಪ್ಪಿನಂಗಡಿಗೊಂದು ಅಂತ ದಾರಿ ಹಿಡಿಯುವುದಿಲ್ಲವೇ, ಹಾಗೆ. ಆದರೆ ಲಿನಕ್ಸಿನಲ್ಲಿ ಐಪಿ ಫಾರ್ವರ್ಡಿಂಗ್ ಅನ್ನುವುದು ಸಾಮಾನ್ಯವಾಗಿ 0 ಆಗಿರ್ತದೆ. ಅದನ್ನು 1 ಮಾಡುವ ತನಕ, ತನ್ನದಲ್ಲದ ಪ್ಯಾಕೆಟ್ಟನ್ನು ಅದು ಅಲ್ಲಿಯೇ ಬಿಟ್ಟುಬಿಡ್ತದೆ.

ಈ ಕೆಲಸಕ್ಕೆ ಹಳೇ ಯಂತ್ರ ಬಳಸುವುದು ಬಡತನದ ಉಪಾಯವಲ್ಲ. 1980ರ ಸುಮಾರಿಗೆ ಸ್ಟ್ಯಾನ್‌ಫರ್ಡಿನಲ್ಲಿ ಬೇರೆ ಬೇರೆ ವಿಭಾಗಗಳ ನೆಟ್‌ವರ್ಕುಗಳನ್ನು ಜೋಡಿಸಲು ವಿಲಿಯಂ ಯೇಗರ್ ಮೊದಲು ಹಿಡಿದದ್ದು ಪಿಡಿಪಿ-11 ಎಂಬ ಸಾಮಾನ್ಯ ಕಂಪ್ಯೂಟರನ್ನೇ. ಈ ಕೆಲಸಕ್ಕೆ ಅವರು ಬರೆದ ಸಾಫ್ಟ್‌ವೇರನ್ನು ಮುಂದೆ 1987ರಲ್ಲಿ ಸಿಸ್ಕೊ ಕಂಪನಿ ಪರವಾನಗಿ ಪಡೆದು ಬಳಸಿತು.

ಕಷ್ಟ ಬರುವುದು ಬೇರೆ ಕಡೆ. ಎರಡೂ ಡಬ್ಬಿ ಹೆಚ್ಚಾಗಿ 192.168.1 ಎಂಬ ಒಂದೇ ವಿಳಾಸದ ಸಾಲನ್ನು ಹಂಚುತ್ತಿರ್ತವೆ. ಒಂದನ್ನು 192.168.2 ಮಾಡಲೇಬೇಕು. ಇಷ್ಟಾದ ಮೇಲೂ ಕ್ಯಾಮೆರಾ ಕಾಣುವುದಿಲ್ಲ! ತುಂಬ ಜನ ಇಲ್ಲಿಯೇ ಸೋತು ಕೈಬಿಡ್ತಾರೆ. ನಿಮ್ಮ ಡಬ್ಬಿಯಲ್ಲಿ ಆಚೆ ಮನೆಯ ದಾರಿ ಬರೆದಿದ್ದರೆ ನಿಮ್ಮ ಪ್ರಶ್ನೆ ಕ್ಯಾಮೆರಾವನ್ನು ಮುಟ್ಟಿರ್ತದೆ. ಉತ್ತರಕ್ಕೆ ವಾಪಸು ದಾರಿ ಗೊತ್ತಿರುವುದಿಲ್ಲ. ಕ್ಯಾಮೆರಾ ತನ್ನ ಉತ್ತರವನ್ನು ತಮ್ಮನ ಫೈಬರ್ ಡಬ್ಬಿಗೆ ಕೊಡ್ತದೆ. ನಿಮ್ಮ ಮನೆಯ ಸಾಲು ಎಲ್ಲಿ ಉಂಟೆಂದು ಆ ಡಬ್ಬಿಗೆ ಗೊತ್ತಿಲ್ಲ, ಹೊರಗಿನ ಇಂಟರ್ನೆಟ್ಟಿಗೆ ತಳ್ಳಲು ನೋಡ್ತದೆ. ಮನೆಯೊಳಗಿನ ಬಳಕೆಗೆಂದೇ ಮೀಸಲಿಟ್ಟ ವಿಳಾಸ ಹೊರಗೆ ನಡೆಯುವುದಿಲ್ಲ. ಉತ್ತರ ಅಲ್ಲಿಗೆ ಸತ್ತಿತು. ಹಾಗಾಗಿ ಎರಡೂ ಡಬ್ಬಿಯಲ್ಲಿ ಒಂದೊಂದು ಸೂಚನೆ ಬರೆಯಬೇಕು: ಆಚೆ ಮನೆಗೆ ಹೋಗುವುದನ್ನು ಸರ್ವರಿಗೆ ಕೊಡು. ಆಚೆಯ ಡಬ್ಬಿಯಲ್ಲಿ ಅದನ್ನು ಬರೆಯಲು ಅವಕಾಶವೇ ಇಲ್ಲದಿರಬಹುದು. ಆಗ ಸರ್ವರೇ ಎಲ್ಲರ ಪರವಾಗಿ ತನ್ನ ವಿಳಾಸದಿಂದ ಕೇಳುವ ಹಾಗೆ ಮಾಡಬಹುದು. ಕೆಲಸ ನಡೀತದೆ, ಆದರೆ ಕೇಳಿದ್ದು ಯಾರೆಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ನನಗೆ ಅದು ಹಿಡಿಸುವುದಿಲ್ಲ.

ಮಾಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ವಯರನ್ನು ತೆಂಗಿನ ಮರಕ್ಕೆ ಕಟ್ಟಿ ಎಳೆಯುವುದಾ?” ಅಂದರು.

ತಾಮ್ರದ ವಯರು ಬೇಡವೇ ಬೇಡ. ಮಳೆಗಾಲಕ್ಕೆ ಮೊದಲು ಮತ್ತು ಮಳೆ ಬಿಟ್ಟ ಮೇಲೆ ನಮ್ಮಲ್ಲಿ ಬರುವ ಸಿಡಿಲು ನಿಮಗೆ ಗೊತ್ತುಂಟಲ್ಲ. ಎರಡು ಮನೆಯ ಅರ್ಥಿಂಗ್ ಬೇರೆ ಬೇರೆ. ಹತ್ತಿರದಲ್ಲೆಲ್ಲಾದರೂ ಸಿಡಿಲು ಬಡಿದರೆ ನಡುವಿನ ತಾಮ್ರದಲ್ಲೇ ಕರೆಂಟು ನುಗ್ಗಿ ಎರಡೂ ಕಡೆಯ ಪೋರ್ಟು ಸುಟ್ಟುಹೋದೀತು. ನಡುವೆ ಫೈಬರ್ ಎಳೆಯಿರಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಇಡಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆಧಾರಕ್ಕೆ ಉಕ್ಕಿನ ತಂತಿ ಇರುವ ಫೈಬರ್ ಕೇಬಲ್ಲೂ ಬರ್ತದೆ. ಅದನ್ನು ತಂದರೆ ಪುನಃ ಅದೇ ಕತೆ. ಅಂಗಡಿಯಲ್ಲಿ ಕೇಳಿಯೇ ತನ್ನಿ.

ಇನ್ನು ಕರೆಂಟಿನ ಲೆಕ್ಕ. 60 ವ್ಯಾಟಿನ ಯಂತ್ರ ಹಗಲು ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 43 ಯೂನಿಟ್. ನಿಮ್ಮದು ದೊಡ್ಡ ಸರ್ವರ್, ಇನ್ನೂ ಹೆಚ್ಚೇ ತಿನ್ನಬಹುದು. ಮೀಟರ್ ಇಟ್ಟು ನೋಡುವ. ತೀರಾ ಹೆಚ್ಚಾದರೆ ಮಗನ ಹಳೇ ಸಣ್ಣ ಕಂಪ್ಯೂಟರೇ ಸಾಕು. ಈ ಕೆಲಸಕ್ಕೆ ಶಕ್ತಿ ಹೆಚ್ಚು ಬೇಡ.

“ತಮ್ಮನ ಮನೆಯೊಳಗಿನದ್ದೆಲ್ಲ ನಮಗೆ ಕಾಣಲಿಕ್ಕೆ ಶುರುವಾದರೆ? ಅದು ಸರಿಯಲ್ಲ.”

ಈ ಪ್ರಶ್ನೆ ಅವರೇ ಕೇಳಿದ್ದು ನನಗೆ ಖುಷಿಯಾಯಿತು. ನಡುವೆ ಒಂದು ಯಂತ್ರ ಕೂತಿದ್ದರೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕೆಂದು ಅದರ ಫೈರ್‌ವಾಲಿನಲ್ಲಿ ಬರೆಯಬಹುದು. ಆಚೆಯಿಂದ ಪ್ರಿಂಟರಿಗೆ ಮಾತ್ರ, ಈಚೆಯಿಂದ ಅಂಗಳದ ಕ್ಯಾಮೆರಾಕ್ಕೆ ಮಾತ್ರ. ಅವರ ಜಗಲಿಯ ಕ್ಯಾಮೆರಾ ಅವರದ್ದೇ. ಬರೆದು ಹಾಕುವ ಕೆಲಸ ನಾನು ಮಾಡಿಕೊಡ್ತೇನೆ ಮಾಷ್ಟ್ರೇ, ಆದರೆ ಯಾವುದನ್ನೆಲ್ಲ ಬಿಡಬೇಕೆಂಬ ಪಟ್ಟಿಯನ್ನು ನೀವೂ ತಮ್ಮನೂ ಒಟ್ಟಿಗೆ ಕೂತು ಬರೆದುಕೊಡಿ.