ಶ್ರೀಮಾನ್ ಬಿ ಖಾತೆಯವರೊಡನೆ

ಬೆಂಗಳೂರಿನ ಹೊರವಲಯದಲ್ಲಿ ಒಂದು ಸೈಟನ್ನು ಅಗ್ಗಕ್ಕೆ ಕೊಂಡು, ಕೆಲವು ವರ್ಷ ಸುಮ್ಮನಿದ್ದು, ಆಮೇಲೆ ಇಮ್ಮಡಿಗೆ ಮಾರಿ ಸುಖವಾಗಿ ಬಾಳುವ ಸಂಕಲ್ಪವುಳ್ಳ ಸದ್ಗೃಹಸ್ಥರು ಯಾರ ಹೆಸರನ್ನು ಹೊತ್ತುಹೊತ್ತಿಗೂ ಜಪಿಸುವರೋ, ಆದರೆ ಯಾರನ್ನು ಒಮ್ಮೆಯಾದರೂ ಕೂರಿಸಿ ಮಾತನಾಡಿಸಿದವರಲ್ಲವೋ, ಆ ಬಿ ಖಾತೆಯವರ ದರ್ಶನವು ಕಂದಾಯ ಕಚೇರಿಯೊಂದರ ಕಪಾಟಿನಲ್ಲಿ ಲಭಿಸಿತು. ಮೈಮೇಲೆ ಧೂಳಿದ್ದರೂ ಮಾತಿನಲ್ಲಿ ವಿನಯವಿತ್ತು; ಆ ಕಚೇರಿಯಲ್ಲಿ ವಿನಯವು ಬೇರಾರಲ್ಲಿಯೂ ಕಾಣಲಿಲ್ಲವೆಂಬುದು ಪ್ರಸಂಗಾಂತರ.

ತಮ್ಮ ಜನನವೃತ್ತಾಂತವನ್ನು ತಿಳಿಸಬಹುದೆ?

"ಹೊಲವನ್ನು ಭೂಪರಿವರ್ತನೆ ಮಾಡಿಸದೆ, ಬಡಾವಣೆಯ ನಕ್ಷೆಗೆ ಅನುಮೋದನೆ ಪಡೆಯದೆ, ಸುಣ್ಣದ ಪುಡಿಯಲ್ಲಿ ಗೆರೆಯೆಳೆದು ರೆವಿನ್ಯೂ ಸೈಟುಗಳೆಂದು ಮಾರಿದ ಮಹನೀಯರೇ ನನ್ನ ಪಿತೃಗಳು. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದಾಗ ಇಂಥ ಸ್ವತ್ತುಗಳು ರಾಶಿರಾಶಿಯಾಗಿ ಅದರ ಮಡಿಲಿಗೆ ಬಿದ್ದುವು. ಸಕ್ರಮವೆನ್ನಲು ಕಾನೂನು ಒಪ್ಪದು, ತೆರಿಗೆ ಬಿಡಲು ಬೊಕ್ಕಸ ಒಪ್ಪದು. ಆದಕಾರಣ ಬೇರೊಂದು ವಹಿಯನ್ನು ತೆರೆದರು. ಅದೇ ನಾನು. ತೆರಿಗೆ ಕಟ್ಟಿದ ಮಾತ್ರದಿಂದ ಒಡೆತನವಾಗಲಿ ಸಕ್ರಮತೆಯಾಗಲಿ ಪ್ರಾಪ್ತವಾಗದೆಂದು 1976ರ ಮುನಿಸಿಪಲ್ ಕಾರ್ಪೊರೇಷನ್ ಅಧಿನಿಯಮದ 108-ಎ ಪ್ರಕರಣವೇ ಸಾರಿದೆ. ನಾನಾಗಿ ಯಾರಿಗೂ ಆಸೆ ಹುಟ್ಟಿಸಿದವನಲ್ಲ."

ಹಾಗಾದರೆ ಒಡೆತನ ಕೊಡುವವರು ತಮ್ಮ ಅಗ್ರಜರಾದ ಎ ಖಾತೆಯವರಷ್ಟೆ?

"ಅವರೂ ಕೊಡರು! ನಾವಿಬ್ಬರೂ ತೆರಿಗೆಯ ಲೆಕ್ಕ ಬರೆಯುವ ಗುಮಾಸ್ತರು. ಅಣ್ಣನಿದ್ದಲ್ಲಿ ಕಟ್ಟಡದ ನಕ್ಷೆಗೆ ಮಂಜೂರಾತಿಯುಂಟು, ಗೃಹಸಾಲವುಂಟು. ನನ್ನ ಹೆಸರು ಕೇಳಿದೊಡನೆ ಬಹುತೇಕ ಬ್ಯಾಂಕುಗಳು ಮುಖ ತಿರುಗಿಸುತ್ತವೆ. ನನ್ನ ಸೈಟು ಅಗ್ಗವಾಗಿರುವುದು ಅದಕ್ಕೇ. ಆ ಅಗ್ಗವನ್ನು ತಮ್ಮ ಜಾಣತನದ ಫಲವೆಂದು ಬಗೆದು ಕೊಂಡವರು, ತಾವು ಮಾರಹೊರಟಾಗ ಕೊಳ್ಳುವವನೂ ಅಷ್ಟೇ ಕಡಿಮೆಗೆ ಕೇಳಿದರೆ ಕಲಿಗಾಲವೆಂದು ನಿಟ್ಟುಸಿರಿಡುತ್ತಾರೆ. ಒಡೆತನ ಬರುವುದು ನೋಂದಾಯಿತ ಕ್ರಯಪತ್ರದಿಂದ. ಅದೂ, ಮಾರಿದವನಿಗೆ ಒಡೆತನವಿದ್ದ ಪಕ್ಷದಲ್ಲಿ."

ಜಿ.ಪಿ.ಎ. ಎಂಬ ಸಾಮಾನ್ಯ ಅಧಿಕಾರಪತ್ರದ ಮಹಾಶಯರು?

"ಬರಿಯ ಕ್ರಯದ ಕರಾರಿನಿಂದ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟದೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಹೇಳಿತ್ತು, ಜಿ.ಪಿ.ಎ. ಮೂಲಕ ಆದ ಮಾರಾಟದಿಂದ ಒಡೆತನ ಬಾರದೆಂದು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಆದರೂ ಅವರಿನ್ನೂ ಜೀವಂತರು. ವಾಸ, ದಲ್ಲಾಳಿಗಳ ಕೈಚೀಲ."

ಇ.ಸಿ. ಎಂಬ ಋಣಭಾರ ಪ್ರಮಾಣಪತ್ರ ನಿಷ್ಕಳಂಕವಾಗಿದ್ದರೆ ನಿಶ್ಚಿಂತೆಯಲ್ಲವೆ?

"ನೋಂದಣಿಯಾದ ವ್ಯವಹಾರಗಳಷ್ಟೇ ಅದರ ಕಣ್ಣಿಗೆ ಬೀಳುವುವು. ಮಾರುವವನಿಗೊಬ್ಬಳು ತಂಗಿಯಿದ್ದಾಳೆ, ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಆಕೆಗೂ ಹುಟ್ಟಿನಿಂದಲೇ ಪಾಲುಂಟು, ಆಕೆ ಕ್ರಯಪತ್ರಕ್ಕೆ ರುಜು ಹಾಕಿಲ್ಲ. ಇದಾವುದೂ ಇ.ಸಿ.ಯಲ್ಲಿ ಕಾಣದು. ವಂಶವೃಕ್ಷವನ್ನು ಕೇಳಿ ತರಿಸುವ ವ್ಯವಧಾನ ಗಿರಾಕಿಗಿಲ್ಲ; ಈಶಾನ್ಯ ಮೂಲೆ ಬೆಳೆದಿದೆಯೋ ಇಲ್ಲವೋ ಎಂದು ನೋಡಲು ವಾಸ್ತುಪಂಡಿತರನ್ನು ಮಾತ್ರ ಕಾರಿನಲ್ಲಿ ಕೂರಿಸಿಕೊಂಡು ಬರುತ್ತಾನೆ."

ತಮಗೆ ಎ ಪದವಿ ದೊರೆಯುವ ಯೋಗ ಬಂದಿದೆಯಂತೆ?

"ಶುಲ್ಕ ಕಟ್ಟಿಸಿಕೊಂಡು ನನ್ನನ್ನು ಅಣ್ಣನ ಪಂಕ್ತಿಗೆ ಸೇರಿಸುವ ಯೋಜನೆಯನ್ನು ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಅಂದಿನಿಂದ ದಲ್ಲಾಳಿಗಳು ನನ್ನನ್ನು ಬಹುವಚನದಲ್ಲಿಯೇ ಕರೆಯುತ್ತಾರೆ. ಆಗಲಿ, ಎ ಆದೇನು. ಆದರೆ ಆ ತಂಗಿ ಎಲ್ಲಿಗೂ ಹೋಗುವವಳಲ್ಲ."

ಆಕೆ ಈಗ ಎಲ್ಲಿದ್ದಾರೆಂದು ತಾವು ಬಲ್ಲಿರಾ?

"ನನ್ನಲ್ಲಿ ಅದಕ್ಕೆ ಕಾಲಂ ಇಲ್ಲ, ಸ್ವಾಮಿ."