ಮಟ್ಟೆ ರಾಯರು

ತೆಂಗಿನ ಸೀಮೆಯ ಊರೂರಿಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅಮ್ಮಸಂದ್ರದವರಿಗೆ ಜನ ಇಟ್ಟ ಹೆಸರು ಮಟ್ಟೆ ರಾಯರು. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭೂಮಿಗೆ ಸಿಮೆಂಟು ಹೊದಿಸಲು ನೆರವಾದ ಕೈಗಳು ಈಗ ಸೋಗೆ ಹೊದಿಸುತ್ತಿವೆ. ಪ್ರಾಯಶ್ಚಿತ್ತವೇ ರಾಯರೇ ಎಂದರೆ, "ಬರೋ ಪಿಂಚಣೀಲಿ ಗೊಬ್ಬರ ಕೊಳ್ಳೋಕಾಗುತ್ತೇನ್ರೀ?" ಎನ್ನುತ್ತಾರೆ.

ಬರಿ ನೆಲ ಕಂಡರೆ ಅವರಿಗೆ ತಡೆಯದು. ಸಹಜ ಕೃಷಿಯ ಫುಕುವೋಕಾನ ಪುಸ್ತಕ ಓದಿದ್ದಾರೆ, ರಾಸಾಯನಿಕ ಗೊಬ್ಬರ ಒಪ್ಪದ ವಿದರ್ಭದ ಪಾಳೇಕರರ ಶಿಬಿರಕ್ಕೆ ಹೋಗಿ ಬಂದಿದ್ದಾರೆ, ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರ ತಲೆ ತಿಂದಿದ್ದಾರೆ. ಮುಚ್ಚಿಗೆ ಬೇಸಿಗೆಯ ಕೆಲಸ ಎಂದು ಊರು ನಂಬಿದ್ದರೆ, ರಾಯರು ಉತ್ತರೆ ಮಳೆ ಬಿದ್ದೊಡನೆ ಛತ್ರಿ, ಕುಡುಗೋಲು ಹಿಡಿದು ಹೊರಡುತ್ತಾರೆ. ನಮ್ಮ ಕಡೆ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿದು ಹೋಗುತ್ತದೆ. ನೆಲ ಒದ್ದೆಯಿದ್ದಾಗಲೇ ಮುಚ್ಚಬೇಕು. ಒಣಗಿದ ಮೇಲೆ ಮುಚ್ಚಿದರೆ ಕಾಪಾಡುವುದು ಬರೀ ಒಣನೆಲವನ್ನ ಎಂಬುದು ಅವರ ವಾದ. ಈ ಒಂದು ಮಾತಿಗೆ ನಾನೂ ತಲೆಬಾಗುತ್ತೇನೆ.

ಹಳೆ ಮುಚ್ಚಿಗೆ ಬಾಚಿ ಬೆಂಕಿ ಹಾಕುವವರನ್ನು ಕಂಡರೆ ಕೆಂಡವಾಗುತ್ತಾರೆ. ಮನೆ ಮುಂದಿನ ಸೇವಂತಿಗೆ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಹೋದ ವರ್ಷದ ಪದರವನ್ನು ಚಿಟಿಕೆಯಲ್ಲಿ ಎತ್ತಿ ನಶ್ಯದಂತೆ ಮೂಸುತ್ತಾರೆ. ಮಣ್ಣಿನ ವಾಸನೆ ಬಂದರೆ ಕಡ್ಡಿಯಲ್ಲಿ ಕೆದಕಿ, ಸಡಿಲ ಮಾಡಿ, ಮೇಲೊಂದು ಹೊಸ ಪದರ. ಹುಳಿ ವಾಸನೆ ಬಂದರೆ ನೀರು ಕಟ್ಟಿದೆ ಎಂದರ್ಥ, ಹರವಿ ಗಾಳಿಯಾಡಿಸಬೇಕು. ಏನೇ ಹಾಕಿದರೂ ಗಿಡದ ಬುಡಕ್ಕೆ ನಾಲ್ಕು ಬೆರಳು ಜಾಗ ಬಿಡಬೇಕು, ಇಲ್ಲದಿದ್ದರೆ ಮಳೆಗೆ ಕಾಂಡ ಕೊಳೆಯುತ್ತದೆ. ನೆಂಟರು ಬಂದರೆ ಕಾಫಿಗೂ ಮೊದಲು ಎರೆಹುಳದ ದರ್ಶನ.

ತೆಂಗಿನಕಾಯಿ ಸುಲಿದ ಮಟ್ಟೆಗಂತೂ ಬೇರೆ ಶಾಸ್ತ್ರವೇ ಇದೆ. ಗುಣಿಯಲ್ಲಿ ಹೂಳುವಾಗ ಅಂಗಾತ, ನೀರು ಹಿಡಿಯಲಿ ಅಂತ. ತೆಂಗಿನ ಪಾತಿಯ ಮೇಲೆ ಹಾಸುವಾಗ ಬೋರಲು. ಪರರ ತೋಟದ ಪಾತಿಯಲ್ಲಿ ಅಂಗಾತ ಬಿದ್ದ ಮಟ್ಟೆ ಕಂಡರೆ ಬೇಲಿ ನುಸುಳಿ ಹೋಗಿ ಮಗುಚಿ ಬರುತ್ತಾರೆ. ಹೂತ ಮಟ್ಟೆಯ ಉಪಕಾರ ಐದಾರು ವರ್ಷ ಬರುತ್ತದಂತೆ; ಮಗುಚಿಸಿಕೊಂಡವರ ಸಿಟ್ಟೂ ಅಷ್ಟೇ ಬಾಳಿಕೆಯದು. ನಾರಿನ ಪುಡಿಯನ್ನು ಹಸಿಯಾಗಿ ಸುರಿಯಬಾರದು, ಚಿಪ್ಪಣಬೆ ಬೀಜವನ್ನೂ ಚೂರು ಯೂರಿಯಾವನ್ನೂ ಬೆರೆಸಿ ತಿಂಗಳು ಕೊಳೆಸಿ ಎನ್ನುತ್ತಾರೆ. "ಯೂರಿಯಾನಾ? ಪಾಳೇಕರು ಒಪ್ತಾರಾ?" ಎಂದು ಕೆಣಕಿದರೆ, "ವಿದರ್ಭದಲ್ಲಿ ನಾರಿನ ಕಾರ್ಖಾನೆ ಎಲ್ಲೈತೆ ಸ್ವಾಮಿ?"

ಇಷ್ಟು ಬಲ್ಲವರಿಗೆ ಎದುರಾಳಿ ಇರುವುದು ಮನೆಯ ಬಚ್ಚಲಲ್ಲಿ. ಹಂಡೆ ಕಾಯುವುದೇ ಮಟ್ಟೆಯಿಂದ. "ನೋಡ್ರೀ, ನಿಮ್ಮ ಎರೆಹುಳ ಬೆಚ್ಚಗೆ ಮಲಗಲಿ, ನಾವು ತಣ್ಣೀರು ಹುಯ್ಕೊಂತೀವಿ" ಎಂದು ಮನೆಯವರು ಒಂದು ದಿನ ಚೊಂಬು ಕುಕ್ಕಿದ ಮೇಲೆ ರಾಜಿಯಾಯಿತು: ಗರಿಯ ದಿಂಡು, ಚಿಪ್ಪು ಒಲೆಗೆ, ಮಟ್ಟೆ ತೋಟಕ್ಕೆ, ಒಲೆಯ ಬೂದಿಯೂ ತೋಟಕ್ಕೆ. ಆದರೂ ಜಡಿಮಳೆ ಹಿಡಿದು ಸೌದೆ ಮುಗಿದಾಗ, ಹಾಸಲೆಂದು ಜಗಲಿಯಲ್ಲಿ ಒಟ್ಟಿದ ಮಟ್ಟೆ ಒಂದೊಂದೇ ಮಾಯವಾಗುತ್ತವೆ. ರಾಯರು ನವಿಲಿನ ಮೇಲೆ ದೂರುತ್ತಾರೆ. ನವಿಲು ಮುಚ್ಚಿಗೆ ಕೆದಕುವುದು ನಿಜ. ಆದರೆ ನೀರು ಕಾಯಿಸುವ ನವಿಲನ್ನು ನಾನಂತೂ ಕಂಡಿಲ್ಲ.

ಈಚೆಗೆ ನಾರಿನ ಕಾರ್ಖಾನೆಯ ಟ್ರ್ಯಾಕ್ಟರು ಮನೆ ಬಾಗಿಲಿಗೇ ಬಂದು ದುಡ್ಡು ಕೊಟ್ಟು ಮಟ್ಟೆ ತುಂಬಿಕೊಳ್ಳುತ್ತದೆ. ಬಿಟ್ಟಿ ಕೊಡುವವರಿಲ್ಲ. ಹಾಗಾಗಿ ರಾಯರ ಕಣ್ಣು ಈಗ ಊರಿನ ಶುಭಕಾರ್ಯಗಳ ಮೇಲೆ. ಮೊನ್ನೆ ಮದುವೆ ಮನೆಯೊಂದರಲ್ಲಿ ಹಸಿರು ಗರಿಯ ಚಪ್ಪರದಡಿ ತಲೆಯೆತ್ತಿ ನಿಂತು ಗರಿ ಎಣಿಸುತ್ತಿದ್ದರು. ಹೆಣ್ಣಿನ ತಂದೆ ಕೈಮುಗಿದು, "ಬನ್ನಿ ರಾಯರೇ, ತಿಂಡಿಗೆ ಕೂತ್ಕೊಳಿ" ಎಂದರು.

"ಆಗ್ಲಿ ಆಗ್ಲಿ. ಚಪ್ಪರ ಯಾವತ್ತು ಬಿಚ್ತೀರಾ?"

"ಇನ್ನೂ ಗಂಡಿನ ಕಡೆಯೋರೇ ಬಂದಿಲ್ಲ ಕಣ್ರೀ!"