ಕೌದಿಯ ಬಾಯಿಗೆ ಒಂದು ತುಣುಕು ರೊಟ್ಟಿ

ಮಾನ್ವಿ ಅವ್ವ ಹೋದ ಮೇಲೆ ನಮ್ಮ ಓಣಿಯಲ್ಲಿ ಹೊತ್ತು ಗೊತ್ತಾಗುವುದೇ ನಿಂತುಹೋಗಿದೆ ನೋಡಿ. ಮುಂಜಾನೆ ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಶುರುವಾದರೆ ಹುಡುಗರನ್ನು ಎಬ್ಬಿಸೋದು, ಸಪ್ಪಳ ನಿಂತರೆ ಜಳಕಕ್ಕೆ ಅಟ್ಟೋದು. ನಿಮ್ಮ ಮನೆಯಲ್ಲೂ ಹಂಗೇ ಇತ್ತಲ್ವಾ? ತೊಂಬತ್ತು ದಾಟಿದ ಮೇಲೆ ದಿನಕ್ಕೆ ಎರಡೇ ರೊಟ್ಟಿ, ತನಗೊಂದು, ಬಾಗಿಲಿಗೆ ಬಂದವರಿಗೊಂದು. ಬಂದವರು ಬಹಳಷ್ಟು ದಿನ ನಾನೇ ಆಗಿರುತ್ತಿದ್ದೆ.

ಮಾನ್ವಿ ಅವ್ವ ಅನ್ನೋದು ನಮ್ಮ ರಾಯಚೂರಿನವರು ಇಟ್ಟ ಹೆಸರು. ಮಾನ್ವಿಯಲ್ಲಿ ಆಕೆ ‘ದೇವದುರ್ಗದಾಕಿ’. ಲಗ್ನವಾಗಿ ಬಂದ ದಿನ ಅತ್ತೆ ಹಾಗೆ ಕರೆದದ್ದು, ಮೊಮ್ಮಕ್ಕಳು ಹುಟ್ಟಿದರೂ ಅಳಿಸಲಿಲ್ಲ. ಹಿರಿಮಗನ ನೌಕರಿಯ ಹಿಂದೆ ರಾಯಚೂರು ಸೇರಿದ ಮೇಲೆ ತವರಿಗೆ ಹೋದರೆ ಅಣ್ಣನ ಸೊಸೆಯಂದಿರು, ‘ರಾಯಚೂರವ್ವ ಬಂದಾಳ, ಚಾ ಇಡ್ರಿ’ ಅನ್ನೋರಂತೆ. ಮೂರೂ ಊರಲ್ಲಿ ಇನ್ನೊಂದು ಊರಿನಾಕಿ! ಒಮ್ಮೆ ರೇಷನ್ ಕಾರ್ಡಿಗೆ ಹೆಸರು ಬರೆಸುವಾಗ ಸೊಸೆಯೇ ಒಂದು ಗಳಿಗೆ ತಡೆದು ನೆನಪು ಮಾಡಿಕೊಳ್ಳಬೇಕಾಯಿತು. ಆ ಹೆಸರನ್ನು ನಾನಿಲ್ಲಿ ಬರೆದರೂ ಯಾರೆಂದು ನಿಮಗೆ ತಿಳಿಯಲಿಕ್ಕಿಲ್ಲ, ಬಿಡಿ.

ಹೆಸರಿನ ಮಾತು ಬಂತಲ್ಲ, ಆಕೆ ಹೇಳುತ್ತಿದ್ದ ಕಥೆ ನೆನಪಾಯಿತು. ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು ಇದ್ದಾರಲ್ಲ, ದಾಸರಾಗುವ ಮೊದಲು ಕಡುಬಡವರು. ತಾಯಿ ಕೂಸಮ್ಮ. ಹಾಗಾಗಿ ಊರವರು ‘ಕೂಸಿ ಮಗ ದಾಸ’ ಅನ್ನುತ್ತಿದ್ದರಂತೆ. ಅವರ ಸುಳಾದಿಗಳನ್ನು ಭಜನೆಯವರು ಹಾಡಿದರೆ ಅವ್ವ ಕೈ ಮುಗಿದು ಕೂರುತ್ತಿದ್ದಳು, ಎದ್ದು ಬರುವಾಗ ಮಾತ್ರ ‘ಕೂಸಿ ಮಗ, ನೋಡು. ತಾಯಿ ಹೆಸರಿನ ಮ್ಯಾಲೆ ಮಗನ ಗುರ್ತು’ ಅಂತ ಅದೊಂದನ್ನೇ ಮೆಲುಕು ಹಾಕೋಳು.

ಕೂಸಮ್ಮನಿಗಿಂತಲೂ ಆಕೆಗೆ ಹತ್ತಿರದವಳು ಮೊಸರಕಲ್ಲಿನ ವೆಂಕಮ್ಮ. ಗೋಪಾಲದಾಸರ ತಾಯಿ. ಮೊಸರಕಲ್ಲು ದೇವದುರ್ಗ ತಾಲೂಕು, ಅಂದಮೇಲೆ ‘ನಮ್ಮ ಕಡಿಯಾಕಿ’. ಗಂಡ ತೀರಿಕೊಂಡ, ದಾಯಾದಿಗಳು ಆಸ್ತಿ ನುಂಗಿದರು, ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಆ ತಾಯಿ ಸಂಕಾಪುರಕ್ಕೆ ಹೋದಳು ಅಂತ ಪರಂಪರೆಯ ಕಥೆ. ಮುಂದೆ ನಾಲ್ವರೂ ದಾಸರಾದರು. ಪುರಾಣ ಹೇಳುವವರು ಇಲ್ಲಿಂದ ಮಕ್ಕಳ ಮಹಿಮೆಗೆ ಹೋಗಿಬಿಡುತ್ತಾರೆ. ಅವ್ವ ಹೋಗುತ್ತಿರಲಿಲ್ಲ. ‘ಆ ನಾಕು ಹುಡುಗರಿಗೆ ದಿನಾ ರೊಟ್ಟಿಗೆ ಹಿಟ್ಟು ಎಲ್ಲಿಂದ ತಂದಿದ್ದಾಳವಾ?’ ಅಂತ ಕೇಳೋಳು. ನಿನ್ನೆ ಮೊನ್ನೆ ಪಕ್ಕದ ಓಣಿಯಲ್ಲಿ ನಡೆದದ್ದರ ಹಾಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಲೆಕ್ಕ ಮಾತ್ರ ನಾಲಿಗೆ ತುದಿಯಲ್ಲಿ. ನಿಜಾಮರ ಹಾಲಿ ರೂಪಾಯಿ ಏಳಕ್ಕೆ ಬ್ರಿಟಿಷರ ಕಲ್ದಾರು ಆರು, ಈ ಮಗ್ಗಿಯನ್ನು ಗಿಣಿ ಹಾಗೆ ಒಪ್ಪಿಸೋಳು. ವರ್ಷ ಕೇಳಿದರೆ ಇಸವಿ ಹೇಳೋದೇ ಇಲ್ಲ. 1948 ಅಂದರೆ ‘ರಜಾಕಾರರ ಗದ್ದಲ, ನನ್ನ ಲಗ್ನ ಆಗಿ ವರ್ಷ’. 1953 ಅಂದರೆ ‘ತುಂಗಭದ್ರಾ ಡ್ಯಾಮು, ಹಿರಿಯವ ಹೊಟ್ಟಿಯೊಳಗ’. 1956ರ ನವೆಂಬರಿನಲ್ಲಿ ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ್ದು ‘ನಡುವಿನಾಕಿಗೆ ಹಲ್ಲು ಬಂದಾಗ’. ಒಲೆ ಮುಂದೆ ಕೂತಲ್ಲೇ ಎಷ್ಟು ಸರ್ಕಾರ ಕಂಡಳು, ಅಲ್ವಾ?

ಆ ಡ್ಯಾಮಿನ ಎಡದಂಡೆ ಕಾಲುವೆ ನೀರು ಬಂದ ಮೇಲೆ ಮಾನ್ವಿ ಸೀಮೆ ಭತ್ತಕ್ಕೆ ತಿರುಗಿತು, ಮನೆಯಲ್ಲಿ ಎರಡು ಹೊತ್ತು ಅನ್ನ. ದೇವದುರ್ಗದ ಎರೆಹೊಲದ ಬಿಳಿಜೋಳ ತಿಂದು ಬೆಳೆದ ಜೀವಕ್ಕೆ ಅದು ಊಟ ಅಂತ ಅನ್ನಿಸಲೇ ಇಲ್ಲ. ತವರಿನಿಂದ ಜೋಳದ ಚೀಲ ಬರುತ್ತಿತ್ತು. ಹಿಟ್ಟು ಹಳೆಯದಾಗಿ ಜಿಗಿ ಹೋಗಿದ್ದರೂ ಚಿಂತೆಯಿಲ್ಲ, ಕುದಿಯುವ ಎಸರು ಹೊಯ್ದು ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರೆ ಸೀಳದ ಹಾಗೆ ಹಾಳೆಯಂತಹ ರೊಟ್ಟಿ. ಹಂಚಿನ ಮೇಲೆ ಹಾಕಿ ಒದ್ದೆ ಅರಿವೆಯಿಂದ ಒಮ್ಮೆ ಸವರೋಳು. ಆ ಚುಂಯ್ ಅನ್ನೋ ಸದ್ದಿನ ಮೇಲೆಯೇ ಹಂಚಿನ ಕಾವು ಹೇಳೋಳು. ಜೊತೆಗೆ ಪುಂಡಿ ಪಲ್ಯ, ಗುರೆಳ್ಳು ಹಿಂಡಿ. ಬಾಯಲ್ಲಿ ಈಗಲೂ ನೀರು ಬರುತ್ತೆ.

ನಾನು ಹೇಳಬೇಕೆಂದಿದ್ದು ಕೌದಿಯ ಸಂಗತಿ, ಎಲ್ಲೋ ಹೋಗಿಬಿಟ್ಟೆ. ಮಧ್ಯಾಹ್ನದ ಉರಿಬಿಸಿಲಿಗೆ ಓಣಿಯೆಲ್ಲ ಬಾಗಿಲು ಹಾಕಿಕೊಂಡಿರುವಾಗ ಆಕೆ ಪಡಸಾಲೆಯಲ್ಲಿ ಕಾಲು ಚಾಚಿ ಕೌದಿ ಹೊಲಿಯೋಳು. ಹಳೆಯ ಇಳಕಲ್ ಸೀರೆ, ಮೊಮ್ಮಕ್ಕಳ ಲಂಗ, ಗಂಡನ ಧೋತರ, ಎಲ್ಲ ಅದರೊಳಗೆ. ಅಂಚಿನಿಂದ ಸುತ್ತು ಸುತ್ತಾಗಿ ನಡುವಿಗೆ ಬರುವ ಟಾಕಿ, ಜೋಳದ ಕಾಳಿನಷ್ಟೇ ಉದ್ದ, ಹೆಚ್ಚಿಲ್ಲ ಕಡಿಮೆಯಿಲ್ಲ. ಕಡೆಗೆ ಒಂದು ಮೂಲೆ ಮುಚ್ಚದೆ ಬಿಟ್ಟಿರೋಳು. ಆ ಬಾಯೊಳಗೆ ಒಣರೊಟ್ಟಿಯ ಒಂದು ತುಣುಕಿಟ್ಟು, ಆಮೇಲೆ ಹೊಲಿದು ಮುಚ್ಚೋದು. ಯಾಕೆ ಅಂದರೆ, ‘ಕೌದಿ ಉಪಾಸ ಇರಬಾರದವಾ. ಹೊದ್ದವರ ಹೊಟ್ಟಿ ಹಸಿತೈತಿ.’

ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರಿಗೂ ಒಂದೊಂದು ಹೊಲಿದು ಕೊಟ್ಟಿದ್ದಳು. ನನ್ನ ಮಗಳ ಬಾಣಂತನಕ್ಕೂ ಒಂದು ಬಂದಿತ್ತು, ಅದರ ಮೂಲೆ ಮುಟ್ಟಿ ನೋಡಿದರೆ ಗಟ್ಟಿಯಾಗಿ ಕೈಗೆ ಸಿಗುತ್ತದೆ.

ದಿನಕರ್ಮವೆಲ್ಲ ಮುಗಿದು ನಂಟರು ಹೋದ ಮಾರನೆಯ ದಿನ ಸೊಸೆ ಟ್ರಂಕು ತೆಗೆದರೆ ಕೊನೆಯ ಕೌದಿ ಹಾಗೇ ಇತ್ತಂತೆ. ಹೊಲಿಗೆ ಪೂರ್ತಿ, ಮೂಲೆ ಮಾತ್ರ ತೆರೆದದ್ದು, ಸೂಜಿ ಅಲ್ಲೇ ಚುಚ್ಚಿಟ್ಟದ್ದು. ಅವರ ಮನೆಯಲ್ಲಿ ಆವತ್ತು ಹಿಟ್ಟು ಕಲಸಿರಲಿಲ್ಲ. ಸಂಜೆ ಗೋಡೆ ಹತ್ತಿರ ಬಂದು ನಿಂತಳು, ಕೌದಿ ತೋಳ ಮೇಲೆ.

‘ಅಕ್ಕಾ, ನಿಮ್ಮನ್ಯಾಗ ರೊಟ್ಟಿ ಮಾಡೀರೇನ್ರಿ? ಒಂದು ತುಣುಕು ಸಾಕು.’

ಒಳಗೆ ಹೋಗಿ ಎಸರಿಟ್ಟೆ.